ಕೆ.ಜಿ. ರಸ್ತೆಯ ಬೆಳಕು

ಸಿನಿಮಾ ನೋಡುವ ಸುಖದಲ್ಲಿ ಸಿನಿಮಾದ ಪಾಲು ಅರ್ಧ, ಉಳಿದರ್ಧ ಥಿಯೇಟರಿನದು ಎಂದು ನಂಬಿದವನು ನಾನು. ಇದನ್ನು ಒಪ್ಪದವರು ಬೆಂಗಳೂರಿನ ಕೆಂಪೇಗೌಡ ರಸ್ತೆಯನ್ನು ಅದರ ಭರ್ತಿ ಪ್ರಾಯದಲ್ಲಿ ಕಂಡವರಲ್ಲ. ಮೈಸೂರು ಬ್ಯಾಂಕ್ ವೃತ್ತದಿಂದ ಧರ್ಮಾಂಬುಧಿ ಕೆರೆಯಂಗಳದಲ್ಲಿ ಎದ್ದ ಬಸ್ ನಿಲ್ದಾಣದವರೆಗೆ, ಆ ಹಾದಿಯಲ್ಲೂ ಅದರ ಆಸುಪಾಸಿನ ಬೀದಿಗಳಲ್ಲೂ ಎಷ್ಟೊಂದು ಟಾಕೀಸುಗಳು! ಸಾಗರ್, ಸ್ಟೇಟ್ಸ್, ಕೆಂಪೇಗೌಡ, ಗೀತಾ, ಅಲಂಕಾರ್, ಮೇನಕಾ, ತ್ರಿಭುವನ್, ಕಪಾಲಿ. ಒಂದೇ ಆವರಣದೊಳಗೆ ನರ್ತಕಿ, ಸಂತೋಷ್, ಅವುಗಳ ಪುಟ್ಟ ತಂಗಿ ಸಪ್ನ. ಮೆಜೆಸ್ಟಿಕ್ ಎಂಬ ಟಾಕೀಸಂತೂ ಇಡೀ ಪ್ರದೇಶಕ್ಕೆ ತನ್ನ ಹೆಸರನ್ನು ಬರೆದುಕೊಟ್ಟು ತಾನು ಕಣ್ಮರೆಯಾಯಿತು. ಇವತ್ತಿಗೂ ಸಿಟಿ ಬಸ್ಸಿನ ಕಂಡಕ್ಟರು ದಿನವಿಡೀ ಕೂಗುವುದು ಆ ಇಲ್ಲದ ಟಾಕೀಸಿನ ಹೆಸರನ್ನೇ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡದ್ದು ಇಲ್ಲಲ್ಲ, ಸಿಟಿ ಮಾರ್ಕೆಟ್ಟಿನ ಬಳಿಯ ಪ್ಯಾರಾಮೌಂಟಿನಲ್ಲಿ. ದಂಡು ಪ್ರದೇಶಕ್ಕೆ ಅದರದೇ ಆದ ಪ್ಲಾಜಾ, ರೆಕ್ಸ್‌ಗಳಿದ್ದವು. ಒಳ್ಳೆಯ ಕಾಫಿ ಕುಡಿದು, ಇಸ್ತ್ರಿ ಕೆಡದ ಅಂಗಿಯಲ್ಲಿ ಇಂಗ್ಲಿಷ್ ಚಿತ್ರ ನೋಡಿ ಬರುವಂಥ ಜಾಗಗಳು. ಅವುಗಳ ಚೆಲುವಿಗೆ ನಾನು ಕುರುಡನಲ್ಲ. ಆದರೆ ಕನ್ನಡ ಚಿತ್ರಕ್ಕೆ ಜಾತ್ರೆಯ ಕಳೆ ಕಟ್ಟುತ್ತಿದ್ದುದು ಕೆ.ಜಿ. ರಸ್ತೆಯಲ್ಲೇ.

ಆ ಕಳೆಯಲ್ಲಿ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಕಟೌಟು. ಈಗಿನ ಫ್ಲೆಕ್ಸಿನ ನುಣುಪು ಮೋರೆಗಳನ್ನು ಕಂಡವರಿಗೆ ಅದನ್ನು ಹೇಗೆ ವರ್ಣಿಸಲಿ? ಕಲಾವಿದ ಒಂದು ಸ್ಟಿಲ್ ಫೋಟೋದ ಮೇಲೆ ಚೌಕುಳಿ ಗೆರೆ ಎಳೆಯುತ್ತಿದ್ದ. ಅಷ್ಟೇ ಚೌಕಗಳನ್ನು ಪ್ಲೈವುಡ್ಡಿನ ಮೇಲೆ ಮಾರುದ್ದಕ್ಕೆ ಹಿಗ್ಗಿಸಿ, ಒಂದೊಂದು ಚೌಕವನ್ನೂ ತುಂಬುತ್ತ ಹೋಗುತ್ತಿದ್ದ. ಹತ್ತಿರ ನಿಂತರೆ ಮೂಗಿನ ಪಕ್ಕದಲ್ಲಿ ಕಡುನೀಲಿ, ಗಲ್ಲಕ್ಕೆ ಗುಲಾಬಿ, ಹಣೆಯಂಚಿನಲ್ಲಿ ಒಂದು ಹಸಿರು ಬೀಸು. ಇದೇನು ಹುಚ್ಚು ಬಣ್ಣಗಳು ಎನಿಸುತ್ತಿತ್ತು. ರಸ್ತೆಯ ಆಚೆ ಬದಿಗೆ ಹೋಗಿ ತಿರುಗಿ ನೋಡಬೇಕು. ಆ ನೀಲಿ ಹಸಿರುಗಳೆಲ್ಲ ಒಂದರೊಳಗೊಂದು ಕರಗಿ, ಮೂರು ನಾಲ್ಕು ಮಹಡಿಯೆತ್ತರಕ್ಕೆ, ಸರ್ವೆಮರದ ಗಳುಗಳ ಆಸರೆಯಲ್ಲಿ ರಾಜ್‌ಕುಮಾರ್ ನಗುತ್ತ ನಿಂತಿರುತ್ತಿದ್ದರು. ಅಷ್ಟು ದೊಡ್ಡ ಮುಖವನ್ನು ಏಣಿಯ ಮೇಲೆ ಆತುಕೊಂಡು ಬರೆಯುವವನಿಗೆ ತಾನು ಬರೆಯುತ್ತಿರುವುದು ಪೂರ್ತಿ ಕಾಣುವುದೇ ಇಲ್ಲ. ಕೈಗೇ ಗೊತ್ತಿರಬೇಕು, ಈ ಬೀಸು ನೂರಡಿ ದೂರದಲ್ಲಿ ಕಣ್ಣಂಚಿನ ಹೊಳಪಾಗುತ್ತದೆ ಎಂದು. ಗ್ಯಾಲರಿಗಳಲ್ಲಿ ಚಿನ್ನದ ಚೌಕಟ್ಟಿನೊಳಗೆ ತೂಗುವ ಎಷ್ಟೋ ಭಾವಚಿತ್ರಗಳಿಗಿಂತ ಈ ಅನಾಮಿಕರ ಕುಂಚಕ್ಕೆ ನನ್ನ ಮನಸ್ಸಿನಲ್ಲಿ ಮೇಲಿನ ಮಣೆ.

ಇನ್ನು ಟಿಕೆಟ್ಟು. ಗಾಂಧಿ ಕ್ಲಾಸಿಗೆ, ಅಂದರೆ ಪರದೆಯ ಮುಂದಿನ ಅಗ್ಗದ ಸಾಲುಗಳಿಗೆ, ಕಬ್ಬಿಣದ ಕಂಬಿಗಳ ನಡುವೆ ಒಬ್ಬೊಬ್ಬರೇ ಹಾಯುವಷ್ಟು ಇಕ್ಕಟ್ಟಾದ ದಾರಿ. ಅದರ ಕೊನೆಯಲ್ಲಿ ಮುಂಗೈ ಮಾತ್ರ ತೂರುವ ಗೂಡು. ಒಳಗಿರುವವರ ಮುಖ ಕಾಣದು, ಬೆರಳುಗಳಷ್ಟೇ. ಆ ಬೆರಳುಗಳು ಕೊಡುತ್ತಿದ್ದುದು ಉಸಿರಿಗೂ ಹಾರುವಂಥ ತೆಳು ಕಾಗದದ ಚೂರು. ಗುಲಾಬಿಯೋ ತಿಳಿಹಳದಿಯೋ, ಮೇಲೆ ಆಟದ ಹೊತ್ತನ್ನು ಸಾರುವ ಒದ್ದೆ ಮೊಹರು. ಅಂಗೈ ಬೆವರಿಗೆ ಮೊಹರಿನ ನೇರಳೆ ಮಸಿ ಕೈಗೇ ಹತ್ತುತ್ತಿತ್ತು. ಬ್ಲಾಕಿನಲ್ಲಿ ಕೊಂಡವರಿಗೆ ಈ ಭಾಗ್ಯವೆಲ್ಲಿ!

ಗೇಟು ತೆರೆದು ಒಳಗೆ ಕಾಲಿಟ್ಟೊಡನೆ ಬಿಸಿಲು ಹಿಂದೆ ಸರಿದು, ಮೊಸಾಯಿಕ್ ನೆಲದ ತಂಪು ಅಂಗಾಲಿಗೆ ಹತ್ತುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಪಿನ್ನು ಚುಚ್ಚಿದ ಸ್ಟಿಲ್ಲುಗಳು. ಅವುಗಳಲ್ಲಿ ಯಾವುದೋ ಒಂದು ಚಿತ್ರದೊಳಗೆ ಬರುತ್ತಲೇ ಇರಲಿಲ್ಲ, ಅದಕ್ಕಾಗಿ ಕೊನೆಯ ರೀಲಿನವರೆಗೂ ಕಾಯುವುದು ಬೇರೆಯೇ ಒಂದು ರೋಮಾಂಚನ. ಆಮೇಲೆ ದಪ್ಪ ಮಖಮಲ್ಲಿನ ಬಾಗಿಲ ಪರದೆ, ಟಾರ್ಚಿನವನ ಹಿಂದೆ ತಡವರಿಸುವ ಹೆಜ್ಜೆ. ವಾದ್ಯಸಂಗೀತ ಮೆಲ್ಲಗೆ ಏಳುತ್ತಿದ್ದಂತೆ ತೆರೆಯ ಬುಡದಲ್ಲಿ ಬಣ್ಣದ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ನೆರಿಗೆ ನೆರಿಗೆಯಾದ ಸ್ಯಾಟಿನ್ ತೆರೆ ಕೆಂಪಾಗಿ, ಕೆಂಪು ಕಿತ್ತಳೆಗೆ ತಿರುಗಿ, ಕಿತ್ತಳೆ ನೀಲಿಗೆ ಇಳಿದು, ಒಂದೊಂದೇ ನೆರಿಗೆಯನ್ನು ಮೇಲಕ್ಕೆತ್ತಿಕೊಳ್ಳುತ್ತ, ಅವಸರವೇ ಇಲ್ಲದೆ ಏಳುತ್ತಿತ್ತು. ಕತ್ತಲೆ ಒಮ್ಮೆಲೇ ಕವಿಯುತ್ತಿರಲಿಲ್ಲ. ಹಂತಹಂತವಾಗಿ, ನಮ್ಮನ್ನು ಕೇಳಿಕೊಂಡೇ ಬರುತ್ತಿತ್ತು.

ಮೊದಲು ಸೀರೆ ಅಂಗಡಿಯ ಸ್ಲೈಡು, ಬಳಿಕ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ. ಎಲ್ಲೋ ನೆರೆ, ಎಲ್ಲೋ ಅಣೆಕಟ್ಟಿನ ಉದ್ಘಾಟನೆ. ಬೇಸರವೆಂದು ಗೊಣಗುತ್ತಿದ್ದವರೇ ಅದು ತಪ್ಪಿಹೋಗದಂತೆ ಓಡೋಡಿ ಬರುತ್ತಿದ್ದರು.

ಈಗ ನಿಮ್ಮನ್ನು ಮಹಡಿಯ ಆ ಪುಟ್ಟ ಕೋಣೆಗೆ ಕರೆದೊಯ್ಯಬೇಕು. ತೆರೆಯ ಮೇಲೆ ಬೀಳುತ್ತಿದ್ದ ಬೆಳಕು ಬಲ್ಬಿನದಲ್ಲ, ಉರಿಯದು. ಆಪರೇಟರ್ ಪ್ರೊಜೆಕ್ಟರಿನ ಹಿಂಭಾಗದ ಪೆಟ್ಟಿಗೆ ತೆರೆದು, ತಾಮ್ರದ ಹೊದಿಕೆಯ ಎರಡು ಕಾರ್ಬನ್ ಕಡ್ಡಿಗಳನ್ನು ಎದುರುಬದುರಾಗಿ ಸಿಕ್ಕಿಸುತ್ತಿದ್ದ. ವಿದ್ಯುತ್ ಹರಿಸಿ, ಎರಡರ ತುದಿಯನ್ನೂ ಒಮ್ಮೆ, ಒಂದೇ ಒಂದು ಕ್ಷಣ, ಮುತ್ತಿಡುವಂತೆ ತಾಗಿಸಿ, ಕೂಡಲೇ ಬೆರಳಗಲ ಸರಿಸುತ್ತಿದ್ದ. ಆ ಸಣ್ಣ ಎಡೆಯಲ್ಲಿ, ಛಟ್ಟೆಂದು, ಬೆಳಕು. ಬರಿಗಣ್ಣಿಂದ ನೋಡಲಾಗದ, ಬಿಳಿಗೆ ತುಸು ನೀಲಿ ಬೆರೆತ, ಅಂಚಿನಲ್ಲಿ ನಡುಗುವ, ಜೀವವಿರುವ ಬೆಳಕು. ಹಿಂದಿನ ನಿಮ್ನದರ್ಪಣ ಅದನ್ನು ಬಾಚಿ ಫಿಲ್ಮಿನ ಕಿಂಡಿಗೆ ತುಂಬುತ್ತಿತ್ತು. ಕಡ್ಡಿಗಳು ಸವೆಯುತ್ತಿದ್ದವು, ಕರಗಿದ ತಾಮ್ರ ಹನಿಹನಿಯಾಗಿ ಕೆಳಗೆ ಉದುರುತ್ತಿತ್ತು, ಹೊಗೆ ತಗಡಿನ ಕೊಳವೆಯಲ್ಲಿ ಸೂರಿನಾಚೆ ಹೋಗುತ್ತಿತ್ತು. ಕಪ್ಪು ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು, ಎಡೆ ಹೆಚ್ಚದಂತೆ, ಕುಗ್ಗದಂತೆ ನೋಡಿಕೊಳ್ಳುವುದೇ ಆಪರೇಟರನ ವಿದ್ಯೆ. ಅವನು ಅರೆಗಳಿಗೆ ಮೈಮರೆತರೆ ನಾಯಕಿಯ ಮುಖ ಮಬ್ಬಾಗುತ್ತಿತ್ತು. ಗಾಂಧಿ ಕ್ಲಾಸಿನಿಂದ ‘ಕಾರ್ಬನ್ ನೋಡಯ್ಯೋ!’ ಎಂಬ ಕೂಗು ಏಳುತ್ತಿತ್ತು. ಕತ್ತಲಲ್ಲಿ ಕುಳಿತವರಿಗೂ ಆ ಉರಿಯ ಯೋಗಕ್ಷೇಮದ ಚಿಂತೆ! ಕ್ಸೆನಾನ್ ದೀಪಗಳು ಬಂದ ಮೇಲೆ ಬೆಳಕು ಸ್ಥಿರವಾಯಿತು, ನಿಜ. ಆದರೆ ಉರಿಬೆಳಕಿನಲ್ಲಿ ಮೈಬಣ್ಣಕ್ಕೆ ಬರುತ್ತಿದ್ದ ಆ ಆರ್ದ್ರ ಕಾಂತಿ, ಎಲೆಯ ಮೇಲಿನ ನೀರಹನಿ ಮಿಸುಕಿದಂತೆ ಕಾಣುತ್ತಿದ್ದ ಕಪ್ಪು ಬಿಳುಪು ಕ್ಲೋಸಪ್ಪುಗಳು, ಅವು ಬೇರೆಯೇ.

ಎರಡು ಸಾವಿರ ಅಡಿಯ ರೀಲು ಇಪ್ಪತ್ತು ನಿಮಿಷ ದಾಟುತ್ತಿದ್ದಂತೆ ಮುಗಿಯುತ್ತಿತ್ತು. ಅದಕ್ಕೇ ಜೋಡಿ ಯಂತ್ರ. ಚಿತ್ರದ ಬಲಮೇಲ್ತುದಿಯಲ್ಲಿ ಒಂದು ಚುಕ್ಕೆ ಮಿಂಚಿ ಮಾಯವಾದರೆ ಪಕ್ಕದ ಯಂತ್ರವನ್ನು ಓಡಿಸಬೇಕು, ಕೆಲವೇ ಕ್ಷಣಗಳಲ್ಲಿ ಇನ್ನೊಂದು ಚುಕ್ಕೆ ಬಂದೊಡನೆ ಬೆಳಕನ್ನು ದಾಟಿಸಬೇಕು. ನುರಿತವನ ಕೈಯಲ್ಲಿ ಹಾಡಿನ ನಡುವೆಯೂ ಬೆಸುಗೆ ಗೊತ್ತಾಗುತ್ತಿರಲಿಲ್ಲ. ಈ ಚುಕ್ಕೆಯ ಗುಟ್ಟು ತಿಳಿದ ಮೇಲೆ ನನ್ನ ಕಣ್ಣು ಕಥೆ ಬಿಟ್ಟು ಮೂಲೆಯತ್ತ ಓಡುವುದನ್ನು ಕಲಿಯಿತು; ಆ ಚಟ ಕೊನೆಗೂ ಬಿಡಲಿಲ್ಲ.

ಓಡಿ ಓಡಿ ಸವೆದ ಪ್ರಿಂಟಿಗೂ ಒಂದು ಸೊಗಸಿತ್ತು. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ನಡೆಯಿತು. (ಅದೇ ಟಾಕೀಸು ಮುಂದೆ ಭೂಮಿಕಾ ಎನಿಸಿತು.) ಅಷ್ಟು ಆಟ ಆಡಿದರೆ ಎಂಥ ಗಟ್ಟಿ ಪ್ರಿಂಟಿಗೂ ಗೀರು ಬೀಳದೆ ಇರದು. ಹಳೆಯ ಪ್ರಿಂಟಿನಲ್ಲಿ ಸುಡುಬಿಸಿಲಿನ ದೃಶ್ಯದಲ್ಲೂ ‘ಮಳೆ’ ಸುರಿಯುತ್ತಿತ್ತು, ನಾವು ಹಾಗೆಯೇ ಕರೆಯುತ್ತಿದ್ದೆವು. ನೋಡಿದವರ ಪ್ರೀತಿಯೇ ಗೀರಾಗಿ ಮೂಡಿದೆ ಎಂದು ನನಗನಿಸುತ್ತಿತ್ತು. ವಿತರಕರಿಗೆ ಹಾಗೆ ಅನಿಸಿರಲಾರದು.

ಸುಬೇದಾರ್ ಛತ್ರಂ ರಸ್ತೆಯ ಕಪಾಲಿಯ ಮಾತನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ. 1968ರಲ್ಲಿ ಬಾಗಿಲು ತೆರೆದ, ಸಾವಿರಕ್ಕೂ ಮಿಕ್ಕ ಆಸನಗಳ ಆ ಭವ್ಯ ಮಂದಿರಕ್ಕೆ ಸಿನಿರಮಾ ಪರದೆಯಿತ್ತು. ಚಪ್ಪಟೆಯಲ್ಲ, ಎರಡೂ ಬದಿ ನಮ್ಮತ್ತ ಬಾಗಿ ಬಂದ ಪರದೆ. ಎಪ್ಪತ್ತು ಎಂ.ಎಂ. ಚಿತ್ರ ಅದರ ಮೇಲೆ ಬಿಚ್ಚಿಕೊಂಡರೆ, ಕುದುರೆಗಳು ಎಡಗಿವಿಯ ಬಳಿ ಕಾಣಿಸಿಕೊಂಡು ಬಲಗಿವಿಯ ಬಳಿ ಮರೆಯಾಗುತ್ತಿದ್ದವು. ಆ ಫಿಲ್ಮಿನ ಅಂಚಿಗೆ ಲೇಪಿಸಿದ ಕಾಂತಪಟ್ಟಿಗಳಲ್ಲಿ ಆರು ಧ್ವನಿಪಥಗಳು; ಪರದೆಯ ಹಿಂದೆ ಐದು ಕಡೆಯಿಂದ, ಬೆನ್ನ ಹಿಂದಿನಿಂದ ಇನ್ನೊಂದು. ಗೊರಸಿನ ಸದ್ದು ನಿಜಕ್ಕೂ ನಡೆದುಕೊಂಡು ಹೋಗುತ್ತಿತ್ತು. ಕುತ್ತಿಗೆ ತಿರುಗಿಸದೆ ಪೂರ್ತಿ ನೋಡಲಾಗದ ಚಿತ್ರ, ಅದರ ನಡುವೆ ಪುಟಾಣಿಯಾಗಿ ಕುಳಿತ ನಾವು. 2017ರಲ್ಲಿ ಕಪಾಲಿಯನ್ನು ಮುಚ್ಚಿ ಕೆಡವಿದರು. ಸಾಗರ್ ಅದಕ್ಕೂ ಮೊದಲೇ ಹೋಗಿತ್ತು. ಈ ಪಟ್ಟಿಯನ್ನು ಬೆಳೆಸಲು ನನಗೆ ಮನಸ್ಸಿಲ್ಲ.

ಒಂದೇ ಪರದೆಯ ಹಳೆಯ ಮಂದಿರ ನಿಮ್ಮೂರಿನಲ್ಲಿ ಇನ್ನೂ ಆಟ ನಡೆಸುತ್ತಿದ್ದರೆ, ಅನುಭವಸ್ಥನ ಮಾತು ಕೇಳಿ. ಬಾಲ್ಕನಿಯ ಮೊದಲ ಸಾಲು ಬೇಡ, ಅಡ್ಡಗಂಬಿ ಪರದೆಯ ತಳವನ್ನು ನುಂಗುತ್ತದೆ. ಫ್ಯಾನಿನ ಕೆಳಗೂ ಬೇಡ, ಮೆಲುಮಾತೆಲ್ಲ ಅದರ ಪಾಲು. ನಾಲ್ಕನೇ ಸಾಲಿನ ನಡುಮಧ್ಯದ ಕುರ್ಚಿ ಹಿಡಿಯಿರಿ. ಇಂಟರ್‌ವೆಲ್ಲಿನಲ್ಲಿ ಕಾಗದದ ಪೊಟ್ಟಣದ ಬಿಸಿ ಕಡಲೆಕಾಯಿ ಕೊಳ್ಳಿ, ಚಿತ್ರದ ಎರಡನೇ ಅರ್ಧಕ್ಕೆ ಅದೇ ಸರಿಯಾದ ಜೊತೆ. ಸಮೋಸಾ ಎಂದಿಗೂ ಬೇಡ, ಅದು ಬೆಳಗಿನ ಆಟದ್ದಿರುತ್ತದೆ.