ಚಿಗರಿಯ ಕಣ್ಣಲ್ಲಿ ಓಡುವವನು

ನೆಲೋಗಿ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಹೊಲದ ಬಂಡಿದಾರಿಗಿಳಿದು ಓಡತೊಡಗಿದ ಮೊದಲ ವಾರ ಎದುರಾದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಯಾಕ್ರೀ ಸರ, ಯಾರರ ಬೆನ್ನ ಹತ್ಯಾರೇನು?" ಕೇಳಿದವರ ಮುಖದಲ್ಲಿ ನಗೆ ಇರಲಿಲ್ಲ. ಈ ಎರಿ ಸೀಮೆಯಲ್ಲಿ ಮನುಷ್ಯ ಓಡಲು ಏನಾದರೂ ಕಾರಣ ಬೇಕು. ಎತ್ತು ಹಗ್ಗ ಹರಕೊಂಡಿರಬೇಕು, ಬಸ್ಸು ಹೊರಟಿರಬೇಕು, ಇಲ್ಲವೇ ಪೊಲೀಸ್ ಭರ್ತಿಯ ಅರ್ಜಿ ಕರೆದಿರಬೇಕು. ಜೇವರ್ಗಿ ಕಡೆಯ ಹುಡುಗರು ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಓಡುವುದು ಈ ಮೂರನೆಯದಕ್ಕೇ. 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಿದರೆ ಕಾನ್‌ಸ್ಟೆಬಲ್ ಕೆಲಸದ ಒಂದು ಬಾಗಿಲು ತೆರೆಯುತ್ತದೆ. ಪಕ್ಕದ ಹೊಲದಲ್ಲಿ ಚಿಗರಿ ಹಿಂಡು ನಿಂತಿದ್ದರೂ ಅವರ ಕಣ್ಣು ಫೋನಿನ ಗಡಿಯಾರದ ಮೇಲೆ. ತಪ್ಪು ಹೇಳುವಂತಿಲ್ಲ. ಹೊಟ್ಟೆಪಾಡಿನ ಓಟಕ್ಕೆ ಆಚೀಚೆ ನೋಡುವ ಪುರುಸೊತ್ತು ಇರುವುದಿಲ್ಲ.

ಸಂಬಳ ನಿಗದಿಯಾದ ನನ್ನಂಥವರಿಗೆ ಆ ಪುರುಸೊತ್ತು ಇದೆ. ನಿಸರ್ಗದ ನಡುವೆ ಓಡುವ ಹವ್ಯಾಸ ನಮ್ಮ ರಾಜ್ಯದಲ್ಲಿ ಬೆಳೆದದ್ದೂ ನಮ್ಮಂಥವರಿಂದಲೇ. ಶ್ರೀರಂಗಪಟ್ಟಣದ ಹತ್ತಿರ ನಾಲೆಯ ಏರಿಯ ಮೇಲೆ ಕಾವೇರಿ ಟ್ರೇಲ್ ಮ್ಯಾರಥಾನ್ ನಡೆಯುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ. ಊರೂರಿನಿಂದ ಬಂದವರು ಎದೆಗೆ ನಂಬರು ಚೀಟಿ ಹಚ್ಚಿಕೊಂಡು ಓಡುತ್ತಾರೆ. ಒಳ್ಳೆಯದೇ. ಆದರೆ ಇಂಥ ಓಟಗಳ ವರ್ಣನೆ ಓದಿದಾಗೆಲ್ಲ ನನಗೊಂದು ತಕರಾರು ಏಳುತ್ತದೆ. ಏರು ಎಷ್ಟು, ಗಂಟೆ ಎಷ್ಟು, ಬೂಟು ಯಾವುದು ಎಂಬುದೆಲ್ಲ ಅಲ್ಲಿರುತ್ತದೆ. ಹಕ್ಕಿ, ಮೃಗ ಮಾತ್ರ ನಾಟಕದ ಹಿಂಪರದೆಯ ಚಿತ್ರದಂತೆ ಬಂದು ಹೋಗುತ್ತವೆ. ಓಡುವವನನ್ನು ಅವು ಹೇಗೆ ಕಂಡವು ಎಂದು ಯಾರೂ ಬರೆಯುವುದಿಲ್ಲ.

ಇನ್ನೊಂದು ತಮಾಷೆ. ಮೃಗಗಳು ಹೆಚ್ಚಿರುವ ಬಂಡೀಪುರ, ನಾಗರಹೊಳೆಗಳಲ್ಲಿ ಓಡುವ ಮಾತಿರಲಿ, ಸಫಾರಿ ಜೀಪಿನಿಂದ ಕೆಳಗಿಳಿಯಲೂ ಬಿಡುವುದಿಲ್ಲ, ಬಿಡಲೂಬಾರದು. ಕಾಡುಪ್ರಾಣಿಯ ಜೊತೆ ಒಂದೇ ನೆಲ ತುಳಿದು ಓಡುವ ಸುಖ ಉಳಿದಿರುವುದು ಯಾರೂ ಕಾಡೆಂದು ಕರೆಯದ ಜಾಗದಲ್ಲಿ. ಕಂದಾಯ ದಾಖಲೆಯಲ್ಲಿ ಖರಾಬ್ ಎಂದು ಬರೆದ ಮಡ್ಡಿ, ಹಳ್ಳದ ದಂಡೆ, ಕಡ್ಲಿ ಹೊಲ. ಕಲಬುರಗಿ ಜಿಲ್ಲೆಯ ವನ್ಯಧಾಮವೆಂದರೆ ದೂರದ ಚಿಂಚೋಳಿಯದು. ನೆಲೋಗಿ ಕಡೆಯ ಚಿಗರಿಗೆ ಬೇಲಿಯಿಲ್ಲ, ಟಿಕೀಟಿಲ್ಲ. ಕಾನೂನಿನ ರಕ್ಷಣೆ ಮಾತ್ರ ಹುಲಿಗಿದ್ದಷ್ಟೇ ಇದೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಎರಡರ ಹೆಸರೂ ಇವೆ.

ಓಟಕ್ಕೆ ಈ ನೆಲ ಸುಲಭದ್ದಲ್ಲ. ಮಳೆ ಬಿದ್ದರೆ ಎರಿ ಬೂಟಿಗೆ ಮೆತ್ತಿ, ಹತ್ತು ಹೆಜ್ಜೆಗೆ ಒಂದೊಂದು ಕಾಲು ಎರಡೆರಡು ಸೇರು ತೂಗುತ್ತದೆ. ಬ್ಯಾಸಗಿಯಲ್ಲಿ ಪಾದ ಹಿಡಿಸುವಷ್ಟು ಬಿರುಕು. ಓಡಬೇಕೆಂದರೆ ಶೀಗಿ ಹುಣ್ಣಿವಿ ದಾಟಿದ ಮೇಲೆ, ಎಳ್ಳಮಾಸಿಯ ಚಳಿ ಕಳೆಯುವವರೆಗೆ. ಆಗ ನಸುಕಿನ ಇಬ್ಬನಿಗೆ ದಾರಿಯ ಧೂಳು ಕೂತಿರುತ್ತದೆ. ಆಳೆತ್ತರದ ತೊಗರಿ ಎರಡೂ ಕಡೆ ಗೋಡೆಯಾಗಿ ನಿಂತು ಉಸಿರಿನ ಸದ್ದನ್ನು ನಿಮಗೇ ತಿರುಗಿಸಿ ಕೊಡುತ್ತದೆ. ತೊಗರಿ ಮುಗಿದು ಕಡ್ಲಿ ಶುರುವಾದಲ್ಲಿ ಆಕಾಶ ಒಮ್ಮೆಲೇ ಕೆಳಗಿಳಿಯುತ್ತದೆ. ಟಿಟ್ಟಿಭ ಒದರುತ್ತದೆ, ಬದುವಿನಿಂದ ಗೌಜಲಕ್ಕಿ ಎದೆ ಝಲ್ಲೆನ್ನುವಂತೆ ಸಿಡಿಯುತ್ತದೆ. ನೂರಿನ್ನೂರು ಗಜದಾಚೆ ಹತ್ತು ಹನ್ನೆರಡು ತಲೆಗಳು ಒಂದೇ ಸಲ ಮೇಲೇಳುತ್ತವೆ. ನಡುವೆ ಕರಿ ಬೆನ್ನಿನ, ತಿರುಚುಗೊಂಬಿನ ಹೋರಿ. ಒಂದು ಹೆಣ್ಣು ಸುಮ್ಮನೆ, ಯಾವ ಅಡ್ಡಿಯೂ ಇಲ್ಲದ ಬಯಲಲ್ಲಿ, ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ. ಮರುಕ್ಷಣ ಹಿಂಡಿಗೆ ಹಿಂಡೇ ನೆಗೆನೆಗೆದು ಹರಿಯತೊಡಗುತ್ತದೆ. ಆಗ ನನ್ನ ಕಾಲೂ ಕೇಳದೆ ವೇಗ ಹಿಡಿಯುತ್ತದೆ. ಐವತ್ತರ ಮಂಡಿನೋವು ಅರ್ಧ ನಿಮಿಷ ಮರೆತುಹೋಗುತ್ತದೆ. ನನ್ನ ಮಟ್ಟಿಗೆ ಇದಕ್ಕೆ ಸಮನಾದ ಸುಖ ಬೇರೆ ಕಂಡಿಲ್ಲ.

ಆ ಸುಖದಲ್ಲಿ ಒಂದು ಮೋಸ ಇದೆಯೆಂದು ತಿಳಿಯಲು ನನಗೆ ಎರಡು ಚಳಿಗಾಲ ಬೇಕಾದವು. ಅದೇ ಹೊಲದಲ್ಲಿ ಜೋಡೆತ್ತು ಹೊಡೆದುಕೊಂಡು ಎಡೆ ಹೊಡೆಯುವವನನ್ನು ಚಿಗರಿ ಲೆಕ್ಕಕ್ಕೇ ಇಡುವುದಿಲ್ಲ. ಬುತ್ತಿ ಹೊತ್ತ ಹೆಣ್ಣುಮಗಳು ಇನ್ನೂ ಹತ್ತಿರ ಹಾದರೂ ಮೇಯುತ್ತಲೇ ಇರುತ್ತದೆ. ಓಡುವವನನ್ನು ಕಂಡರೆ ಮಾತ್ರ ಓಟ ಕೀಳುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರ್ ಮುಟ್ಟಬಲ್ಲ ಆ ಕಾಲುಗಳನ್ನು ತಿದ್ದಿದ್ದು ಚೀತಾ ಎನ್ನುತ್ತಾರೆ ಬಲ್ಲವರು. ಕೊಲ್ಹಾಪುರದ ಅರಸರು ಸಾಕಿದ ಚೀತಾಗಳನ್ನು ಬಿಟ್ಟು ಹಿಡಿಸುತ್ತಿದ್ದುದೂ ಇದೇ ಚಿಗರಿಯನ್ನು. 1952ರಲ್ಲಿ ಚೀತಾ ಈ ದೇಶದಲ್ಲಿ ಅಳಿಯಿತೆಂದು ಸರಕಾರವೇ ಸಾರಿತು. ಬೆನ್ನಟ್ಟುವವನು ಹೋದ, ಓಟ ಉಳಿಯಿತು. ಖಾಲಿ ಬಿದ್ದ ಆ ಜಾಗಕ್ಕೆ ಈಗ ಊರನಾಯಿಗಳು ಬಂದಿವೆ, ಬೂಟು ಹಾಕಿಕೊಂಡು ನಾನೂ ಬಂದಿದ್ದೇನೆ. ಮನುಷ್ಯನೇನು ಇದಕ್ಕೆ ಹೊಸಬನಲ್ಲ. ಕಲಹರಿಯ ಸಾನ್ ಬೇಟೆಗಾರರು ಸುಡುಬಿಸಿಲಲ್ಲಿ ಗಂಟೆಗಟ್ಟಲೆ ಬೆನ್ನುಹತ್ತಿ ಕುಡುವಿನಂಥ ದೊಡ್ಡ ಹುಲ್ಲೆಯನ್ನು ದಣಿಸಿ ಬೀಳಿಸುತ್ತಿದ್ದರು. ಬೆವರು ಸುರಿಸಿ ಮೈ ತಣಿಸಿಕೊಳ್ಳುವುದರಲ್ಲಿ ನಮ್ಮದೇ ಮೇಲುಗೈ. ಚಿಗರಿಗೆ ನನ್ನ ಮೇಲಿರುವ ಅನುಮಾನ ಹಳೆಯದು, ನ್ಯಾಯವಾದದ್ದು.

ಹಾಗಾಗಿ "ಮೃಗಗಳ ಜೊತೆ ಓಡಿದೆ" ಎಂದು ಯಾರಾದರೂ ಬರೆದರೆ ನಾನು ನಂಬುವುದಿಲ್ಲ. ಜೊತೆಗೆ ಓಡಿದ್ದಲ್ಲ ಅದು, ಓಡಿಸಿದ್ದು. ಮರಿ ಇರುವ ಹಿಂಡು ಒಂದು ಬೆಳಗಿನಲ್ಲಿ ಮೂರು ಸಲ ಬೆದರಿದರೆ ಮೂರು ಸಲ ಮೇವು ತಪ್ಪಿತು. ತಲೆದೀಪ ಕಟ್ಟಿಕೊಂಡು, ಕಿವಿಗೆ ಹಾಡು ತುರುಕಿಕೊಂಡು ಕತ್ತಲಲ್ಲಿ ಓಡುವ ಹೊಸ ಚಾಳಿ ನನಗಂತೂ ಸೇರದು. ಹಿಂಡು ಕಂಡೊಡನೆ ನಡಿಗೆಗೆ ಇಳಿಯಬೇಕು, ಅದರ ಕಡೆ ನೆಟ್ಟಗೆ ಹೋಗದೆ ಓರೆಯಾಗಿ ಹಾದು ದಾಟಬೇಕು. ಓಟಗಾರನಿಗೆ ಇದು ಅವಮಾನದಂತೆ ಕಾಣಬಹುದು. ಲೆಕ್ಕದಲ್ಲಿ ಎರಡು ನಿಮಿಷ ಹೋಗುತ್ತದೆ, ಹೋಗಲಿ.

ಇದನ್ನೆಲ್ಲ ಹೊಲದ ಯಜಮಾನರೊಬ್ಬರ ಮುಂದೆ ಹೇಳಿದೆ. ಗುಡಿಸಲ ಮುಂದೆ ಕಂಬಳಿ ಹೊದ್ದು ರಾತ್ರಿಯಿಡೀ ಡಬ್ಬಿ ಬಾರಿಸಿ ಕಡ್ಲಿ ಕಾಯ್ದವರು. ಚಿಗರಿಗೆ ಮೇವು ತಪ್ಪುತ್ತದೆ ಎಂಬ ನನ್ನ ಮಾತಿಗೆ ಅವರು ಬಹಳ ಹೊತ್ತು ಕೆಮ್ಮಿದರು. ಅದು ನಗೆಯೂ ಇರಬಹುದು.

"ಹಂಗಿದ್ರ ಚಲೋನೇ ಆತಲ್ರೀ ಸರ. ಆ ಕಡಿ ಯಾಕ ಓಡ್ತೀರಿ? ದಿನಾ ನಮ್ಮ ಬದುವಿನ ಮ್ಯಾಲ ಓಡ್ರಿ. ಕಡ್ಲಿ ಉಳೀತದ."

ಮರುದಿನದಿಂದ ಅವರ ಬದುವಿನ ಮೇಲೇ ಓಡಿದೆ. ಬೆದರುಬೊಂಬೆಯ ಕೆಲಸವಾದರೂ ಓಟಕ್ಕೆ ಒಂದು ಕಾರಣ ಸಿಕ್ಕಿತಲ್ಲ. ಮೊದಲ ದಿನ ಹಿಂಡು ಹಳ್ಳ ದಾಟಿ ಹೋಯಿತು. ಎರಡನೇ ದಿನ ಹಳ್ಳದ ತನಕ ಹೋಗಿ ನಿಂತಿತು. ಐದನೇ ದಿನ ತಲೆ ಎತ್ತಿದವು, ನನ್ನನ್ನು ನೋಡಿದವು, ಮತ್ತೆ ಕಡ್ಲಿಗೆ ಬಾಯಿ ಹಾಕಿದವು. ಯಜಮಾನರಿಗೆ ಇನ್ನೂ ಹೇಳಿಲ್ಲ.