‘ಬ್ಲಾಕ್’ ಎಂದರೆ ಯಾವುದಕ್ಕೆ ತಡೆ? – ಪಿಯುಸಿ ಪಾಠದಲ್ಲಿ ಇಸಿಜಿ

ಪ್ರಥಮ ಪಿಯುಸಿಗೆ ನಿಗದಿಯಾದ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪಠ್ಯದಲ್ಲಿ ಇಸಿಜಿ ಕುರಿತ ಭಾಗ ಚಿಕ್ಕದು. ಪಿ, ಕ್ಯೂಆರ್‌ಎಸ್, ಟಿ ಅಲೆಗಳ ಒಂದು ಚಿತ್ರ ಮತ್ತು ಪ್ರತಿ ಅಲೆಯ ಅರ್ಥವನ್ನು ಅದು ಅಚ್ಚುಕಟ್ಟಾಗಿ ಕೊಡುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ರೇಖೆಯ ಆಕಾರದಲ್ಲಿ ಯಾವ ವ್ಯತ್ಯಾಸ ಕಂಡರೂ ಅದು ದೋಷ ಅಥವಾ ರೋಗದ ಸಂಭವವನ್ನು ಸೂಚಿಸುತ್ತದೆ ಎಂಬ ಅಲ್ಲಿನ ತೀರ್ಮಾನವನ್ನು ಮಾತ್ರ ಹಾಗೆಯೇ ಒಪ್ಪುವುದು ಕಷ್ಟ.

ಇದು ಪಾಠದೊಳಗೇ ಮುಗಿಯುವ ವಿಷಯವಲ್ಲ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳಂಥ ಊರುಗಳಲ್ಲಿ ಹಿರಿಯರ ಇಸಿಜಿ ವರದಿಯ ಇಂಗ್ಲಿಷ್ ಸಾಲುಗಳನ್ನು ಓದಿ ಹೇಳುವ ಹೊಣೆ ಎಷ್ಟೋ ಮನೆಗಳಲ್ಲಿ ವಿಜ್ಞಾನ ಓದುವ ಮಗ ಅಥವಾ ಮಗಳದು. ಯಂತ್ರವೇ ಮುದ್ರಿಸಿದ ‘ಅಬ್‌ನಾರ್ಮಲ್ ಇಸಿಜಿ, ರೈಟ್ ಬಂಡಲ್ ಬ್ರಾಂಚ್ ಬ್ಲಾಕ್’ ಎಂಬ ಸಾಲು ‘ಅಪ್ಪಗ ಬ್ಲಾಕ್ ಐತಿ’ ಎಂದಾಗಲು ತಡವಿಲ್ಲ. ನಮ್ಮ ಆಡುಮಾತಿನಲ್ಲಿ ಬ್ಲಾಕ್ ಎಂದರೆ ರಕ್ತನಾಳದ ತಡೆ. ಇಸಿಜಿ ಇಲ್ಲಿ ಹೇಳುತ್ತಿರುವುದು ವಿದ್ಯುತ್ ಪ್ರಚೋದನೆಯ ಸಾಗಣೆಯಲ್ಲಿನ ತಡೆಯನ್ನು. ಇವೆರಡೂ ಬೇರೆ ಬೇರೆ.

ಬಲ ಹೃತ್ಕರ್ಣದಲ್ಲಿರುವ ಎಸ್‌ಎ ಗಂಟು ನಿಮಿಷಕ್ಕೆ 60ರಿಂದ 100 ಪ್ರಚೋದನೆಗಳನ್ನು ಹುಟ್ಟಿಸುತ್ತದೆ. ಅವು ಎವಿ ಗಂಟಿನಲ್ಲಿ ಸುಮಾರು 0.1 ಸೆಕೆಂಡು ನಿಧಾನಿಸಿ, ಹಿಸ್ ಕಂತೆ ಮತ್ತು ಅದರ ಎಡ ಬಲ ಕವಲುಗಳ ಮೂಲಕ ಹೃತ್ಕುಕ್ಷಿಗಳಿಗೆ ಹರಡುತ್ತವೆ. ಹೃತ್ಕುಕ್ಷಿಗಳು ತುಂಬಿಕೊಳ್ಳಲು ಈ ವಿಳಂಬ ಅಗತ್ಯ. ತರಗತಿಯಲ್ಲಿ ಇದನ್ನು ಮನೆಯ ವಿದ್ಯುತ್ ತಂತಿಗೆ ಹೋಲಿಸುವ ರೂಢಿಯಿದೆ. ಈ ಹೋಲಿಕೆಯೂ ದಾರಿ ತಪ್ಪಿಸುತ್ತದೆ. ತಂತಿ ತುಂಡಾದರೆ ದೀಪ ಆರುತ್ತದೆ. ಹೃದಯದಲ್ಲಿ ಪ್ರಚೋದನೆ ಅಯಾನುಗಳ ಚಲನೆಯಿಂದ ಕೋಶದಿಂದ ಕೋಶಕ್ಕೆ ದಾಟುವ ಅಲೆ. ಬಲ ಕವಲು ಕೆಲಸ ನಿಲ್ಲಿಸಿದರೂ ಅಲೆ ಎಡಭಾಗದಿಂದ ಸ್ನಾಯುವಿನ ಮೂಲಕ ನಿಧಾನವಾಗಿ ಬಲಕ್ಕೆ ತಲುಪುತ್ತದೆ. ಆಗ ಕ್ಯೂಆರ್‌ಎಸ್ 0.12 ಸೆಕೆಂಡು ಅಥವಾ ಅದಕ್ಕಿಂತ ಅಗಲವಾಗುತ್ತದೆ. ಬಲ ಕವಲಿನ ಇಂಥ ತಡೆ ಆರೋಗ್ಯವಂತರಲ್ಲೂ ಕಂಡುಬರುವುದುಂಟು. ಎಡ ಕವಲಿನದಾದರೆ ಹೃದಯದ ಇತರ ಕಾಯಿಲೆಗಳಿಗಾಗಿ ಹುಡುಕಬೇಕಾಗುತ್ತದೆ.

ಎವಿ ಗಂಟಿನ ಆಸುಪಾಸಿನ ತಡೆಯಲ್ಲಿಯೂ ಮೆಟ್ಟಿಲುಗಳಿವೆ. ಪಿ ಅಲೆಯ ಆರಂಭದಿಂದ ಕ್ಯೂಆರ್‌ಎಸ್ ಆರಂಭದವರೆಗಿನ ಪಿಆರ್ ಅವಧಿ ಸಾಮಾನ್ಯವಾಗಿ 0.12ರಿಂದ 0.20 ಸೆಕೆಂಡು. ಅದು ಉದ್ದವಾದರೂ ಪ್ರತಿ ಪ್ರಚೋದನೆ ದಾಟುತ್ತಿದ್ದರೆ ಮೊದಲನೆಯ ಹಂತ. ಇದಕ್ಕೆ ಹಲವರಲ್ಲಿ ಚಿಕಿತ್ಸೆಯೇ ಬೇಡ. ಕೆಲವು ದಾಟಿ ಕೆಲವು ನಿಂತರೆ ಎರಡನೆಯದು. ಯಾವುದೂ ದಾಟದಿದ್ದರೆ ಮೂರನೆಯದು. ಆಗ ಹೃತ್ಕುಕ್ಷಿಗಳು ಕೆಳಗಿನ ಕೇಂದ್ರವೊಂದರ ಲಯಕ್ಕೆ ಒಳಗಾಗಿ, ಕೆಲವೊಮ್ಮೆ ನಿಮಿಷಕ್ಕೆ 20ರಿಂದ 40 ಬಾರಿ ಮಾತ್ರ ಮಿಡಿಯುತ್ತವೆ. ರೋಗಿ ಎಚ್ಚರ ತಪ್ಪಿ ಬೀಳಬಹುದು; ಸಾಮಾನ್ಯವಾಗಿ ಪೇಸ್‌ಮೇಕರ್ ಬೇಕಾಗುತ್ತದೆ. ಒಂದೇ ‘ಬ್ಲಾಕ್’ ಎಂಬ ಪದ ಹೀಗೆ ನಿರುಪದ್ರವಿಯನ್ನೂ ಪ್ರಾಣಾಪಾಯವನ್ನೂ ಹೊತ್ತಿದೆ. ಪಾಠ ಈ ಅಂತರವನ್ನು ಕಲಿಸುವುದಿಲ್ಲ.

ಎದುರು ದಿಕ್ಕಿನ ತಪ್ಪೂ ಇದೆ. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸಾಮಾನ್ಯವಾಗಿ ಸುಮಾರು 10 ಸೆಕೆಂಡುಗಳ ದಾಖಲೆ. ಬಂದು ಹೋಗುವ ತಡೆ ಅದಕ್ಕೆ ಸಿಗದೆ ಹೋಗಬಹುದು. ಅದಕ್ಕಾಗಿಯೇ 24 ಗಂಟೆಗಳ ಹೋಲ್ಟರ್ ಪರೀಕ್ಷೆ ಇದೆ. ರಕ್ತನಾಳ ಕಿರಿದಾಗಿದ್ದರೂ ರೇಖೆ ಸರಿಯಾಗಿಯೇ ಇರಬಹುದು. ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿ.ಮೀ., ಅಲ್ಲಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ಇಷ್ಟು ದೂರದಲ್ಲಿರುವವರು ಎದೆನೋವಿದ್ದರೂ ‘ಇಸಿಜಿ ನಾರ್ಮಲ್’ ಎಂದು ಕಾಯುತ್ತ ಕೂರುವುದು ಅಪಾಯಕರ. ಹೃದಯಾಘಾತದಲ್ಲಿ ಸಮಯವೇ ಮುಖ್ಯವೆಂದು ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರಿಗೆ ತಲುಪಿಸುವ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಅಲ್ಲಿಯೂ ರೇಖೆಯ ಜೊತೆಗೆ ರೋಗಿಯ ಲಕ್ಷಣಗಳನ್ನು ನೋಡಲೇಬೇಕು.

ಪಾಠವನ್ನು ಸರಿಪಡಿಸಲು ಹೊಸ ಅಧ್ಯಾಯ ಬೇಕಿಲ್ಲ. ಒಂದು ಗ್ರಾಫ್ ಹಾಳೆ ಸಾಕು. ಇಸಿಜಿ ಕಾಗದ ಸೆಕೆಂಡಿಗೆ 25 ಮಿ.ಮೀ. ಚಲಿಸುವುದರಿಂದ ಒಂದು ಸಣ್ಣ ಚೌಕ 0.04 ಸೆಕೆಂಡು. ಪಿಆರ್ 4 ಚೌಕವಿರುವ ರೇಖೆ, 7 ಚೌಕವಿರುವ ರೇಖೆ, ಪಿ ಮತ್ತು ಕ್ಯೂಆರ್‌ಎಸ್ ಪರಸ್ಪರ ಸಂಬಂಧವಿಲ್ಲದೆ ಸಾಗುವ ರೇಖೆ – ಈ ಮೂರನ್ನು ವಿದ್ಯಾರ್ಥಿಗಳೇ ಬರೆದು ಅಳೆಯಲಿ. ರೋಗನಿರ್ಣಯ ವೈದ್ಯರ ಕೆಲಸ. ಆದರೆ ‘ಯಾವ ತಡೆ, ಎಷ್ಟನೆಯ ಹಂತ?’ ಎಂದು ವೈದ್ಯರನ್ನು ಕೇಳುವಷ್ಟು ತಿಳಿವಳಿಕೆಯನ್ನು ಉಪನ್ಯಾಸಕರು ಒಂದೇ ತರಗತಿಯಲ್ಲಿ ಕೊಡಬಹುದು.