ಪಟೇಲರ ಎತ್ತಿನ ಮನೆಯಿಂದ ಕಂಡ ಹಳ್ಳಿ

ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಇದ್ದು ನೋಡಿದರು. ಅದಕ್ಕೆ ‘ರಾಮಪುರ’ ಅಂತ ಹೆಸರಿಟ್ಟರು. 1970ರಲ್ಲಿ ಅಮೆರಿಕದಲ್ಲಿ ಟಿಪ್ಪಣಿಗಳು ಬೆಂಕಿಗೆ ಸಿಕ್ಕವು. ಬಹುಪಾಲು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಶಾಸ್ತ್ರದ ಪುಸ್ತಕ ಬಿಟ್ಟು ಜನರ ನಡುವೆ ಹೋಗಿ ನೋಡಬೇಕು ಅನ್ನೋ ಅವರ ದಾರಿಯನ್ನು ನಾವು ಒಪ್ಪುತ್ತೇವೆ. ಆದರೆ ಅವರು ಇಳಿದುಕೊಂಡದ್ದು ಪಟೇಲರ ಎತ್ತಿನ ಮನೆಯಲ್ಲಿ. ಅಲ್ಲಿಂದ ಹೊಲಗೇರಿ ಎಷ್ಟು ಕಂಡೀತು?

ಅವರು ಕೊಟ್ಟ ‘ಸಂಸ್ಕೃತೀಕರಣ’ವನ್ನೇ ನೋಡಿ. ಕೆಳಗಿನ ಜಾತಿ ಮಾಂಸ, ಹೆಂಡ ಬಿಟ್ಟು ಮೇಲಿನವರ ಆಚಾರ ಅನುಕರಿಸಿ ಮೇಲೇರುತ್ತದಂತೆ. ಅನುಕರಣೆಯ ಮಾತನ್ನು ಅಂಬೇಡ್ಕರ್ 1916ರಲ್ಲೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಆಡಿದ್ದರು. ಆದರೆ ಅವರು ಮೊದಲು ಕೇಳಿದ್ದು, ಬಾಗಿಲು ಮುಚ್ಚಿದವರು ಯಾರು ಅಂತ. ಜಾತಿಯೊಳಗೇ ಮದುವೆ ಅನ್ನೋ ಕಟ್ಟು, ಅದಕ್ಕಾಗಿ ಹೆಣ್ಣಿನ ಮೇಲೆ ಹೇರಿದ ಸತಿ, ವೈಧವ್ಯ, ಬಾಲ್ಯವಿವಾಹ ಇವನ್ನೆಲ್ಲ ಬಿಚ್ಚಿಟ್ಟರು.

1927ರ ಮಾರ್ಚಿನಲ್ಲಿ ಮಹಾಡದಲ್ಲಿ ಅದೇ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಿ ಅಂದರು. ಇದೂ ಸಂಸ್ಕೃತೀಕರಣವೇ? ಮರುದಿನವೇ ಆ ಜನ ಚೌದಾರ್ ಕೆರೆಗೆ ಇಳಿದು ನೀರು ಕುಡಿದರು. ಅದಕ್ಕೆ ಏಟೂ ತಿಂದರು. ಬ್ರಾಹ್ಮಣರಂತಾಗುವ ಆಸೆಗೆ ಇಳಿದರೇ? ಮನುಷ್ಯರ ಹಕ್ಕು ಕೇಳಿದ್ದನ್ನು ‘ಮೇಲಿನವರ ನಕಲು’ ಅಂತ ಬರೆದಿಟ್ಟರೆ ನಮ್ಮ ಹೋರಾಟವೇ ಅಳಿಸಿಹೋಗುತ್ತದೆ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಊರಿನ ಬಾವಿ ಯಾರದು, ಹೋಟೆಲಿನ ಲೋಟ ಯಾರದು, ಗುಡಿಯ ಮೆಟ್ಟಿಲು ಯಾರದು? ಕೇರಿಯಲ್ಲಿ ಕೂತು ಬರೆಯಿರಿ. ಸಮಾಜಶಾಸ್ತ್ರ ಅಲ್ಲಿಂದಲೂ ಶುರುವಾಗಲಿ.